ಖಾಲಿ ಬುಟ್ಟಿ ಬರುವ ದಾರಿ

ಪಕ್ಕದ ಸೈಟಿನಲ್ಲಿ ಇವತ್ತು ಸ್ಲ್ಯಾಬು ಹಾಕುತ್ತಿದ್ದಾರೆ. ಹಸಿ ಸಿಮೆಂಟಿನ ವಾಸನೆ ಹೈದರಾಬಾದಿನ ಹಿಮಾಯತ್‌ನಗರದ ನಮ್ಮ ಬಾಡಿಗೆ ಮನೆಯ ಬಾಲ್ಕನಿಗೆ ಬಂತು. ಕೆಲವರಿಗೆ ಮಲ್ಲಿಗೆ ಮೂಸಿದರೆ ಹರೆಯ ನೆನಪಾಗುತ್ತದಂತೆ, ನನಗೆ ಸಿಮೆಂಟು. ಏನು ಮಾಡುವುದು, ನನ್ನ ಹರೆಯ ಅದರಲ್ಲೇ ಕಲಸಿಹೋಗಿದೆ. ನಮ್ಮ ಮನೆಯವರು ಆಗಲೇ ಬಾಲ್ಕನಿ ಕಟ್ಟೆಗೆ ಮೊಣಕೈ ಊರಿ, ಯಾರೂ ಕೇಳದ ಮೇಲ್ವಿಚಾರಣೆ ಶುರುಮಾಡಿದ್ದಾರೆ. ಪಕ್ಕದಲ್ಲಿ ಬೆಳಗಿನ ಚಹಾದ ಖಾಲಿ ಲೋಟ. ಕುಡಿದ ಲೋಟವನ್ನು ಕುಡಿದಲ್ಲೇ ಬಿಡುವುದು ಅವರ ಪದ್ಧತಿ, ಹುಡುಕಿ ಎತ್ತಿ ತರುವುದು ನನ್ನದು. ಮದುವೆಯಾದಾಗಿನಿಂದ ಹೀಗೇ ನಡೆದಿದೆ.

ಈಗ ಸ್ಲ್ಯಾಬಿಗೆ ಜನ ಬೇಡ. ಒಂದು ಲಾರಿ, ಒಂದು ಪಂಪು, ಆನೆಯ ಸೊಂಡಿಲಿನಂಥ ಒಂದು ಪೈಪು. ನಮ್ಮ ಕಾಲದಲ್ಲಿ ಕಲಬುರಗಿ ಕಡೆಯಿಂದ ಬಂದ ನಾವು ನೆಲದಿಂದ ಮಾಳಿಗೆಯವರೆಗೆ ಸಾಲಾಗಿ ನಿಂತು, ಕಾಂಕ್ರೀಟಿನ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದೆವು. ಮಾದಾಪುರದ ಎಷ್ಟೋ ಗಾಜಿನ ಆಫೀಸುಗಳ ಒಳಗಿನ ಎಲುಬು ನಮ್ಮ ಕೈಯದು. ಅಂಥ ಒಂದು ಆಫೀಸಿನಲ್ಲಿ ನನ್ನ ಮೊಮ್ಮಗಳು ರೇಣುಕಾ ಈಗ ನೆಟ್‌ವರ್ಕ್ ಇಂಜಿನಿಯರ್! ತರಕಾರಿ ಗಾಡಿಯವನಿಗೇ ಹತ್ತು ಸಲ ಹೇಳಿದ್ದೇನೆ, ನಿಮ್ಮನ್ನು ಬಿಡುತ್ತೇನೆಯೇ?

ಆ ಕೆಲಸ ಸುಮ್ಮನೆ ಸಿಗಲಿಲ್ಲ. ಎರಡು ಇಂಟರ್‌ವ್ಯೂಗಳಲ್ಲಿ ಹುಡುಗಿ ಒಂದೇ ವಿಷಯಕ್ಕೆ ತೊದಲಿ ಎದ್ದು ಬಂದಿದ್ದಳು. ಮೂರನೆಯದೂ ಹೋದರೆ ಸುಲ್ತಾನ್ ಬಜಾರಿನ ಸೀರೆ ಅಂಗಡಿಗೆ ಸೇರಿಸುತ್ತೇನೆಂದು ಅವಳಪ್ಪ, ಅಂದರೆ ನನ್ನ ಮಗ, ಮಾಲೀಕರ ಹತ್ತಿರ ಮಾತಾಡಿಯೂ ಬಂದಿದ್ದ. ಇಂಟರ್‌ವ್ಯೂಗೆ ಒಂದೇ ದಿನ ಉಳಿದಿತ್ತು. ಮಧ್ಯಾಹ್ನ ಅವಳು ಪುಸ್ತಕದ ಮೇಲೆ ಕಣ್ಣೀರು ಹಾಕುತ್ತಿದ್ದಳು. ನಾನು ರೊಟ್ಟಿ ಬಡಿಯುವುದನ್ನು ಬಿಟ್ಟು ಹೋದೆ.

“ಏನ್ ಓದಾಕತ್ತೀಯವ್ವಾ?”

“ಸ್ಟ್ಯಾಕಿಂಗ್, ಆಯಿ. ಸ್ವಿಚ್ ಒಂದರ ಮ್ಯಾಲೊಂದು ಇಟ್ಟು ಜೋಡಸೋದು.” ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ.

“ಸ್ವಿಚ್ ಗ್ವಾಡಿಗೆ ಹಚ್ತಾರ. ಒಟ್ಟಿ ಇಡಾಕ ಅವೇನು ಕುಳ್ಳೇನು?”

ಬೆರಣಿಯ ಮಾತಿಗೆ ಅಳುತ್ತಿದ್ದವಳು ನಕ್ಕಳು. ಇದು ದೀಪದ ಸ್ವಿಚ್ಚಲ್ಲವಂತೆ. ಆಫೀಸಿನ ಕಂಪ್ಯೂಟರುಗಳ ತಂತಿಗಳೆಲ್ಲ ಬಂದು ಸೇರುವ ಚಪ್ಪಟೆ ಪೆಟ್ಟಿಗೆಯಂತೆ. ಅಂಥ ನಾಲ್ಕೈದನ್ನು ಕೇಬಲ್ಲಿನಿಂದ ಒಂದಕ್ಕೊಂದು ಜೋಡಿಸಿದರೆ ಎಲ್ಲ ಸೇರಿ ಒಂದೇ ಪೆಟ್ಟಿಗೆಯ ಹಾಗೆ ನಡೆಯುತ್ತವೆ. ಹೊರಗಿನವರಿಗೆ ಒಂದೇ ಹೆಸರು, ಒಂದೇ ವಿಳಾಸ. ಅವುಗಳಲ್ಲಿ ಒಂದು ಮಾಸ್ಟರ್.

“ಮಾಸ್ಟರ್ ಸತ್ರ ಏನಾಕ್ಕೈತಿ ಅಂತ ಕೇಳ್ತಾರ, ಆಯಿ.”

“ಯಾವ ಮಾಸ್ತರ?” ಎಂದೆ. ಮೂರನೆಯ ತರಗತಿಯಲ್ಲಿ ನನ್ನ ಅಂಗೈ ಮೇಲೆ ಬೆತ್ತ ಮುರಿದು ನನ್ನ ಓದು ಮುಗಿಸಿದವರು ನೆನಪಾದರು. ದೇವರಾಣೆ, ಒಂದು ಕ್ಷಣ ಆಸೆಯೂ ಆಯಿತು.

“ಸಾಲಿ ಮಾಸ್ತರ ಅಲ್ಲ! ಎಲ್ಲಾರಿಗೂ ಹಿಂಗ ಮಾಡ್ರಿ, ಹಂಗ ಮಾಡ್ರಿ ಅಂತ ಹೇಳಾಂವ.”

“ಮೇಸ್ತ್ರಿ ಅನ್ನವ್ವಾ ಮತ್ತ!”

ಅಲ್ಲಿಂದ ನನಗೆ ದಾರಿ ಕಂಡಿತು. ಐವತ್ತು ಜನ ಸಾಲಿನಲ್ಲಿ ನಿಂತರೂ ಕಾಂಟ್ರಾಕ್ಟರನಿಗೆ ಗೊತ್ತಿದ್ದದ್ದು ಒಂದೇ ಹೆಸರು, ಮೇಸ್ತ್ರಿಯದು. ಆ ಮೇಸ್ತ್ರಿ ನಮ್ಮ ಮನೆಯವರೇ. ಒಮ್ಮೆ ಅವರು ಜ್ವರದಲ್ಲಿ ಮಲಗಿದರು. ತಾವಿಲ್ಲದೆ ಹೈದರಾಬಾದು ಕುಸಿದೀತೆಂದು ಅವರು ನರಳುತ್ತಿದ್ದರೆ, ಇತ್ತ ಎರಡನೆಯವನೆಂದು ಮೊದಲೇ ಗೊತ್ತುಮಾಡಿದ್ದ ಶರಣಪ್ಪ ಕೂಗಾಟ ಶುರುಮಾಡಿದ, ಸಾಲು ನಡೆದೇ ಇತ್ತು. ವಾರದ ಮೇಲೆ ಇವರು ರುಮಾಲು ಸುತ್ತಿಕೊಂಡು ಠೀವಿಯಿಂದ ಬಂದರು. ಶರಣಪ್ಪ, “ನಡದ ಕೆಲಸ ಯಾಕ್ ಕೆಡಸ್ತೀರಿ? ಬುಟ್ಟಿ ಹಿಡೀರಿ” ಅಂದುಬಿಟ್ಟ. ಇವರು ನನ್ನ ಪಕ್ಕ ನಿಂತು, “ಹಿಡಿ, ಹಿಡಿ” ಎಂದು ಸಿಟ್ಟಿನಲ್ಲೇ ಬುಟ್ಟಿ ದಾಟಿಸಿದರು.

“ಇಲ್ಲೂ ಹಂಗಾ, ಆಯಿ! ಹಳೇ ಮಾಸ್ಟರ್ ತಿರುಗಿ ಬಂದ್ರ ಬಂದ ಕೂಡ್ಲೇ ಮಾಸ್ಟರ್ ಆಗಂಗಿಲ್ಲ!” ರೇಣುಕಾ ಚಪ್ಪಾಳೆ ತಟ್ಟಿದಳು. ಒಳಕೋಣೆಯಲ್ಲಿ ಇವರು ಕೆಮ್ಮಿದರು.

“ಮತ್ತ ನಡುವಿನ ಸ್ವಿಚ್ ಕೆಟ್ರ?” ಎಂದಳು.

ಅದಕ್ಕೂ ನಮ್ಮಲ್ಲಿ ಉತ್ತರವಿತ್ತು. ಒಂದು ದಿನ ಸಾಲಿನ ನಡುವೆ ಗಂಗವ್ವ ತಲೆ ತಿರುಗಿ ಕೂತಳು. ಸಾಲು ಎರಡಾಯಿತು. ಕೆಳಗೊಬ್ಬ, ಮೇಲೊಬ್ಬ ತಾನೇ ಮೇಸ್ತ್ರಿಯೆಂದು ಕೂಗಿ, ಸ್ಲ್ಯಾಬಿನ ಒಂದು ಮೂಲೆಯೇ ಹಾಳಾಯಿತು. ಖಾಲಿ ಬುಟ್ಟಿಗಳನ್ನು ಮೇಲಿನಿಂದ ಎಸೆಯುವುದನ್ನು ಅಂದೇ ಬಿಟ್ಟೆವು. ಆಚೆ ಮೆಟ್ಟಿಲ ಮೇಲೂ ಜನ ನಿಂತು ಅವನ್ನು ಕೈಯಿಂದ ಕೈಗೆ ಇಳಿಸತೊಡಗಿದರು. ಕೊನೆಯವಳ ಕೈ ಮೊದಲನೆಯವಳ ಕೈಗೆ ಸೇರಿ ಸುತ್ತು ಮುಚ್ಚಿತು. ಆಮೇಲೆ ಯಾರು ಕೂತರೂ, ಖಾಲಿ ಬುಟ್ಟಿ ಬರುವ ದಾರಿಯಲ್ಲೇ ತುಂಬಿದ ಬುಟ್ಟಿ ಹತ್ತುತ್ತಿತ್ತು.

“ರಿಂಗ್!” ಎಂದಳು ರೇಣುಕಾ. “ಕಡೀದರಿಂದ ಮೊದಲನೇದಕ್ಕ ಒಂದು ಕೇಬಲ್! ಇಷ್ಟಾ?”

“ಇಷ್ಟಾ. ಏಳು, ರೊಟ್ಟಿ ಆರಾಕತ್ತಾವ.”

ಮರುದಿನ ಇಂಟರ್‌ವ್ಯೂನಲ್ಲಿ ಗಡಿಬಿಡಿಗೆ ಇಂಗ್ಲಿಷಿನ ನಡುವೆ “ಮೇಸ್ತ್ರಿ ಡೌನ್ ಆದರೆ” ಅಂದುಬಿಟ್ಟಳಂತೆ. ಎದುರಿಗೆ ಕೂತ ಮೂವರೂ ತಲೆ ಎತ್ತಿದರಂತೆ. ತೆಲುಗಿನಲ್ಲೂ ಮೇಸ್ತ್ರಿ ಮೇಸ್ತ್ರಿಯೇ ತಾನೆ! ಹಿರಿಯರೊಬ್ಬರು, “ಎವರಮ್ಮಾ ಆ ಮೇಸ್ತ್ರಿ?” ಯಾರಮ್ಮ ಅವನು, ಎಂದು ಕೇಳಿದರು. ಇನ್ನು ಮುಚ್ಚಿಡುವುದೇನೆಂದು ಇವಳು ಬುಟ್ಟಿ, ಗಂಗವ್ವ, ಅಜ್ಜನ ರುಮಾಲು ಎಲ್ಲ ಹೇಳಿದಳು. ಸೀರೆ ಅಂಗಡಿಯವರಿಗೆ ಬೇರೆ ಹುಡುಗಿ ಸಿಕ್ಕಿರಬೇಕು.

ಈಗ ಅವಳ ಆಫೀಸಿನ ಮಾಸ್ಟರ್ ಪೆಟ್ಟಿಗೆಯ ಮೇಲೆ ‘ಮೇಸ್ತ್ರಿ’ ಎಂಬ ಚೀಟಿ ಇದೆ. ಅದು ತಮಗೆ ಸಂದ ಗೌರವವೆಂದು ಇವರು ಎದೆ ಉಬ್ಬಿಸುತ್ತಾರೆ. ಮೇಸ್ತ್ರಿ ಬಿದ್ದರೆ ಎದ್ದು ನಿಲ್ಲುವ ಎರಡನೆಯ ಪೆಟ್ಟಿಗೆಯ ಮೇಲೆ ‘ಆಯಿ’ ಎಂದು ಬರೆದಿದೆ. ಅದನ್ನು ನಾನು ಅವರಿಗೆ ಹೇಳಿಲ್ಲ.

ಇಗೋ, ಕೆಳಗೆ ಪೈಪು ಕಟ್ಟಿಕೊಂಡಿತು. ಪಂಪಿನ ಜೊತೆ ಎಲ್ಲರೂ ನಿಂತರು. “ಪೈಪ್ ಒಂದ ಐತಿ! ಇನ್ನೊಂದು ದಾರಿ ಬ್ಯಾಡೇನ್ರೋ?” ಎಂದು ಇವರು ಬಾಲ್ಕನಿಯಿಂದ ಕೂಗಿದರು. ಒಬ್ಬನೂ ಕತ್ತೆತ್ತಲಿಲ್ಲ. ಪಾಪ ಅನ್ನಿಸಿ, ಬಿಸಿ ಚಹಾ ಕೊಟ್ಟು ಒಳಗೆ ಬಂದೆ.

ಸ್ವಲ್ಪ ಹೊತ್ತಿಗೆ ಅಡುಗೆಮನೆ ಬಾಗಿಲಲ್ಲಿ ಹೆಜ್ಜೆ ಸಪ್ಪಳ. ತಿರುಗಿದರೆ ಇವರು. ಕೈಯಲ್ಲಿ ಬೆಳಗಿನ ಲೋಟ, ಈಗಿನ ಲೋಟ, ಎರಡೂ ಖಾಲಿ.

“ಹಿಡಿ,” ಅಂದರು.

ಹಿಡಿದೆ. ಆಮೇಲೆ ರೇಣುಕಾಗೆ ಫೋನು ಹಚ್ಚಿದೆ. “ಮೀಟಿಂಗ್‌ನಾಗ ಇದ್ದೀನಿ ಆಯಿ, ಏನಾತು?” ಎಂದಳು ಗಾಬರಿಯಾಗಿ.

“ಏನಿಲ್ಲವ್ವಾ,” ಅಂದೆ, “ನಮ್ಮ ಮನ್ಯಾಗೂ ಸುತ್ತು ಮುಚ್ಚಿತು.”