ಅನ್ನವ್ವನಿಗೆ ತುಂಬಿದ ಉಡಿ

ಹಿರೇಕೆರೂರಿನ ಗ್ರಂಥಾಲಯದಲ್ಲಿ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಅನ್ನವ್ವನಿಗೆ ಕಾದಂಬರಿ ಬರೆಯುವವರ ಮೇಲೆ ಬಲು ಸಿಟ್ಟು. ಕೂಲಿಯವಳ ಮಗಳು ಸಾಹುಕಾರನ ಮಗನನ್ನು ಮೆಚ್ಚಿದಳೋ, ಮುಗಿಯಿತು. ಹುಡುಗನ ತಾಯಿ ಬಾಯಿಗೆ ಬಂದಂತೆ ಬೈದು ಹುಡುಗಿಯನ್ನು ಹೊರಗೆ ನೂಕುತ್ತಾಳೆ. ಬೈದವರ ಮೇಲೆ ಹಟ ಸಾಧಿಸಬಹುದು, ಓಡಿಯಾದರೂ ಹೋಗಬಹುದು. ಅಕ್ಕರೆಯಿಂದ ಕರೆದು ಕೂರಿಸುವ ತಾಯಿಯನ್ನು ಈ ಪುಣ್ಯಾತ್ಮರಲ್ಲಿ ಒಬ್ಬರಾದರೂ ಬರೆದಿದ್ದರೆ ಅವಳು ಮೊದಲೇ ಎಚ್ಚರವಾಗಿರುತ್ತಿದ್ದಳು.

ಗೋವಿನಜೋಳದ ದಲಾಲಿ ಅಂಗಡಿಯ ಮಹಾಂತೇಶ ಪೇಪರ್ ಓದುವ ನೆಪದಲ್ಲಿ ಬರುತ್ತಿದ್ದ. ಪೇಪರಿನಿಂದ ಕಾದಂಬರಿಗೆ ಬಂದ, ಕಾದಂಬರಿಯಿಂದ ಅವಳ ಜೊತೆ ಮಾತಿಗೆ. ಇಬ್ಬರದೂ ಒಂದೇ ಜಾತಿ, ಒಂದೇ ಮಠ; ನಡುವೆ ಇದ್ದದ್ದು ಅಂತಸ್ತು ಮಾತ್ರ. ಅವಳ ಅವ್ವ ಅವರ ಅಂಗಡಿಯ ಮುಂದೆಯೇ ಕಾಳು ಹಸನು ಮಾಡುವ ಕೂಲಿ. ಮನೆಯಲ್ಲಿ ಎಲ್ಲ ಹೇಳಿದ್ದೇನೆ, ಅವ್ವ ನಿನ್ನನ್ನು ಕರೆದಿದ್ದಾಳೆ ಎಂದು ಅವನು ಹೇಳಿದ ದಿನ ಅನ್ನವ್ವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮಹಾಂತೇಶನ ತಾಯಿ ಸರೋಜವ್ವ ಅವಳನ್ನು ಮಣೆ ಹಾಕಿ ಕೂರಿಸಿದರು, ಶಾವಿಗೆ ಪಾಯಸ ಬಡಿಸಿದರು. ಆಮೇಲೆ ಉಡಿ ತುಂಬಲು ಅಕ್ಕಿ, ಕೊಬ್ಬರಿ ಬಟ್ಟಲು, ಗುಳೇದಗುಡ್ಡದ ಖಣ ತಂದರು. ಮದುವೆ ನಿಶ್ಚಯಕ್ಕೂ ಉಡಿ ತುಂಬುವುದುಂಟು. ಅನ್ನವ್ವ ಮನಸಾರೆ ಸೆರಗೊಡ್ಡಿದಳು.

ಕಡೆಯ ಹಿಡಿ ಅಕ್ಕಿ ಬಿದ್ದ ಮೇಲೆ ಸರೋಜವ್ವ ಅವಳ ಗಲ್ಲ ಹಿಡಿದರು.

"ನಮ್ಮ ಮಹಾಂತೇಶಗ ಒಬ್ಬಾಕಿ ತಂಗಿನೂ ಇಲ್ಲ ನೋಡವ್ವಾ. ಇವತ್ತಿನಿಂದ ನೀನ ಈ ಮನಿ ಮಗಳು. ಹಬ್ಬಕ್ಕ ತವರಿಗೆ ಬಂದಂಗ ಬರಬೇಕು."

ತುಂಬಿದ ಉಡಿಯನ್ನು ಕೊಡವಿ ಎದ್ದು ಬರುವ ಹೆಣ್ಣು ಆ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಬಾಗಿಲಲ್ಲಿ ನಿಂತಿದ್ದ ಮಹಾಂತೇಶನ ಮುಖವನ್ನು ಅವಳು ನೋಡಿದಳು. ಆ ಗಂಡುಗಲಿ ನೆಲ ನೋಡಿದ. ಅವಳು ಉಡಿ ಕಟ್ಟಿಕೊಂಡು, ಹಿರಿಯರ ಕಾಲಿಗೆ ನಮಸ್ಕಾರ ಮಾಡಿ ಮನೆಗೆ ಬಂದಳು.

ಅವನಿಗೆ ಹಾನಗಲ್ಲಿನ ಅಡಿಕೆ ವ್ಯಾಪಾರಸ್ಥರ ಮಗಳನ್ನು ತಂದರು. ಅನ್ನವ್ವ ಬಂದ ವರಗಳನ್ನೆಲ್ಲ ಒಲ್ಲೆನೆಂದಳು. ಅವ್ವ ತೀರಿಕೊಂಡ ಮೇಲೆ ಕೇಳುವವರೂ ಉಳಿಯಲಿಲ್ಲ. ಸಂಜೆ ಗ್ರಂಥಾಲಯಕ್ಕೆ ಬೀಗ ಹಾಕಿ ಬಂದರೆ ಮನೆಯಲ್ಲಿ ಮಾತಿಗೊಂದು ಜೀವವಿಲ್ಲ. ಒಬ್ಬಳಿಗೋಸ್ಕರ ರೊಟ್ಟಿ ಬಡಿಯುವುದೇ ಅವಳಿಗೆ ದೊಡ್ಡ ಸಂಕಟ. ಹಬ್ಬದ ಸೀರೆಯನ್ನು ಮಾತ್ರ ಸರೋಜವ್ವ ಒಮ್ಮೆಯೂ ತಪ್ಪಿಸಿಲ್ಲ.

ಕಳೆದ ತಿಂಗಳು ಮಹಾಂತೇಶನ ಮಗಳನ್ನು ತೊಟ್ಟಿಲಿಗೆ ಹಾಕಿದರು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಹೆಂಗಸರೆಲ್ಲ ಸುತ್ತ ನೆರೆದಾಗ ಸರೋಜವ್ವ ಅನ್ನವ್ವನ ಕೈಹಿಡಿದು ಮುಂದೆ ತಂದರು. ಉಡಿ ತುಂಬಿದ ದಿನದಿಂದ ಅವಳೊಡನೆ ಮಾತೇ ಆಡದಿದ್ದ ಮಹಾಂತೇಶ ಆಗ ಬಾಯಿ ತೆರೆದ.

"ಹೆಸರ ನೀನ ಹೇಳು, ತಂಗಿ."

ಅವಳು ತೊಟ್ಟಿಲಿಗೆ ಬಾಗಿ ಹೆಸರು ಹೇಳಿದಳು. ಸಂಪ್ರದಾಯದಂತೆ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದಿದರು. ಅವಳು ಬಹಳ ಹೊತ್ತು ತಲೆ ಎತ್ತಲಿಲ್ಲ. ಎತ್ತಿದಾಗ ಮುಖವೆಲ್ಲ ತೊಯ್ದಿತ್ತು. ಜೋರಾಗಿ ಗುದ್ದಿಬಿಟ್ಟೆವೇನೋ ಎಂದು ಒಬ್ಬಾಕೆ ಮರುಗಿದಳು.

ಅನ್ನವ್ವ ಹೌದೆಂದಳು.