ದೇವದಾರುವಿನ ಸೆಂಟು

ಜಗದಾಂಬಾ ಹೊಸ್ತಿಲಲ್ಲೇ ನಿಂತು, ಒಳಗೆ ಒಗ್ಗರಣೆಗೆ ಇಂಗು ಹೆಚ್ಚು ಬಿದ್ದಿದೆ ಎಂದು ಹೇಳಬಲ್ಲವಳು. ಮದುವೆಯಾಗಿ ದಾವಣಗೆರೆಯಿಂದ ಬಸವೇಶ್ವರನಗರಕ್ಕೆ ಬಂದ ಮೇಲೆ ಆ ಮೂಗು ಮನೆಯವರ ತಮಾಷೆಗಷ್ಟೇ ಒದಗುತ್ತಿತ್ತು. ಅದರಿಂದ ಏನಾದರೂ ಮಾಡಬಹುದು ಎಂದು ಮೊದಲು ಹೇಳಿದವಳು ಮಹಡಿಯ ಬಾಡಿಗೆ ಮನೆಯ ಕುಸುಮಾ. ಇಬ್ಬರೂ ಸೇರಿ ಸೆಂಟು ಬೆರೆಸುವುದನ್ನು ಕಲಿತರು. ಮಧ್ಯಾಹ್ನಗಳೆಲ್ಲ ಅದರಲ್ಲೇ ಕಳೆದವು.

ಬೆರೆಸಿ ಚೆಲ್ಲಿ, ಕೊನೆಗೆ ಎರಡು ಉಳಿದವು. ಒಂದು ಕುಸುಮಾಳದು, ಶ್ರೀಗಂಧಕ್ಕೆ ಏಲಕ್ಕಿ ಬೆರೆಸಿದ್ದು. ಇನ್ನೊಂದು ಜಗದಾಂಬಾಳದು: ದೇವದಾರು, ಲಾವಂಚ, ಕೊನೆಗೆ ಚೂರೇ ಚೂರು ಸಾಂಬ್ರಾಣಿ. ಹಚ್ಚಿಕೊಂಡರೆ ಬಿಸಿಲಿಗೆ ಕಾದ ಮರದ ಬಾಗಿಲಿಗೆ ಬೆನ್ನು ಕೊಟ್ಟು ಕೂತ ಹಾಗಿರುತ್ತಿತ್ತು. ಅದರ ಅಳತೆಯನ್ನು ಅವಳು ಕುಸುಮಾಳಿಂದ ಎಂದೂ ಮುಚ್ಚಿಟ್ಟಿರಲಿಲ್ಲ.

ಮಹಿಳಾ ಸಂಘದ ಮಳಿಗೆಯಲ್ಲಿ ಮಾರಾಟಕ್ಕಿಡಲು ಒಂದನ್ನು ಆರಿಸಬೇಕಾಯಿತು. ಜಗದಾಂಬಾ ಒಂದೊಂದು ಕೈಗೆ ಒಂದೊಂದನ್ನು ಹಚ್ಚಿಕೊಂಡು ಸಂಜೆಯವರೆಗೂ ಮೂಸಿದಳು. ಮೂಗು ಮತ್ತೆ ಮತ್ತೆ ದೇವದಾರುವಿನ ಕಡೆಗೇ ವಾಲುತ್ತಿತ್ತು.

"ಗಂಧದ್ದೇ ಇಡೋಣ ಜಗದಕ್ಕ," ಎಂದಳು ಕುಸುಮಾ. "ನಿಮ್ದು ಚೆನ್ನಾಗಿಲ್ಲ ಅಂತಲ್ಲ. ಹೊಗೆ ಹೊಗೆ ಅನ್ಸತ್ತೆ, ದೇವ್ರ ಮನೆ ಥರ. ಅದನ್ನ ಹಾಕ್ಕೊಂಡು ಯಾರು ಆಫೀಸಿಗೆ ಹೋಗ್ತಾರೆ?"

ಜಗದಾಂಬಾ ತನ್ನದನ್ನು ಎತ್ತಿಟ್ಟಳು. ಗಂಧದ್ದು ಒಂದಿಷ್ಟು ಮಾರಾಟವಾಗಿ ನಿಂತುಹೋಯಿತು. ಮಗಳ ಕಾಲೇಜಿಗೆ ಹತ್ತಿರವೆಂದು ಕುಸುಮಾ ರಾಜರಾಜೇಶ್ವರಿನಗರಕ್ಕೆ ಮನೆ ಬದಲಾಯಿಸಿದಳು. ಹೊರಡುವಾಗ ಇಬ್ಬರೂ ಅತ್ತಿದ್ದರು.

ಮರುವರ್ಷ ತಮ್ಮನ ಹುಟ್ಟುಹಬ್ಬಕ್ಕೆ ಉಡುಗೊರೆ ಕೊಳ್ಳಲು ಜಗದಾಂಬಾ ವಿಜಯನಗರದ ಅಂಗಡಿಯೊಂದಕ್ಕೆ ಹೋದಳು.

"ಜೆಂಟ್ಸಿಗಾದ್ರೆ ಇವೆರಡು ನೋಡಿ ಆಂಟಿ. ಎರಡೂ ವುಡಿ, ಮರದ ಘಮ," ಎಂದು ಕೌಂಟರಿನ ಹುಡುಗಿ ಸೆಂಟು ಸಿಂಪಡಿಸಿದ ಎರಡು ಕಾಗದದ ಚೂರು ಕೊಟ್ಟಳು.

ಎರಡನೆಯದನ್ನು ಮೂಸಿದವಳು ಹಾಗೇ ನಿಂತುಬಿಟ್ಟಳು. ಲಾವಂಚದ ಬೆನ್ನಿಗೆ ಬರುವ ಸಾಂಬ್ರಾಣಿಯೂ ತಾನು ಇಟ್ಟಲ್ಲೇ ಇತ್ತು. ಡಬ್ಬಿಯ ಮೇಲೆ 'ಕೀರ್ತನಾ' ಎಂದಿತ್ತು. ಅದು ಕುಸುಮಾಳ ಮಗಳ ಹೆಸರು.

"ಇದೇ ಆಂಟಿ ಜಾಸ್ತಿ ಹೋಗೋದು," ಎಂದಳು ಹುಡುಗಿ.

ಜಗದಾಂಬಾ ಅಂಗಡಿಯ ಮೆಟ್ಟಿಲಿಳಿದು ಅಲ್ಲಿಂದಲೇ ಫೋನ್ ಮಾಡಿದಳು. ವಿಷಯ ಕೇಳಿ ಕುಸುಮಾ, "ನೀವು ಅದನ್ನ ಬಿಟ್ಬಿಟ್ರಲ್ಲ ಜಗದಕ್ಕ. ಸುಮ್ನೆ ವೇಸ್ಟಾಗ್ತಿತ್ತು," ಎಂದಳು.

"ಬೇಡ ಅಂದಿದ್ದು ನೀನು. ಯಾವ್ದು ಚೆನ್ನಾಗಿದೆ ಅಂತ ಅವತ್ತೇ ಗೊತ್ತಿತ್ತಾ ನಿಂಗೆ?"

ಕುಸುಮಾ ಫೋನ್ ಇಟ್ಟಳು.

ಕದ್ದದ್ದನ್ನಾದರೂ ಹೇಗೋ ನುಂಗಿಕೊಳ್ಳಬಹುದಿತ್ತು. ಅಂದು ಮೂಗು ಸರಿಯಾಗೇ ಹೇಳಿತ್ತು, ಅದನ್ನು ಬಿಟ್ಟು ಗೆಳತಿಯ ಮಾತು ನಂಬಿದೆನಲ್ಲ ಎಂಬುದು ಮಾತ್ರ ಗಂಟಲಿನಿಂದ ಇಳಿಯಲಿಲ್ಲ. ಎಷ್ಟೋ ತಿಂಗಳು ಅವಳು ಸೆಂಟಿನ ಎಣ್ಣೆಗಳನ್ನು ಮುಟ್ಟಲಿಲ್ಲ.

ಕೊನೆಗೊಮ್ಮೆ ಮನಸ್ಸು ಮಾಡಿ ದೇವದಾರುವನ್ನೇ ಮತ್ತೆ ಬೆರೆಸಿದಳು. ಹಚ್ಚಿಕೊಂಡು ನೆಂಟರ ಮದುವೆಗೆ ಹೋದಳು. ಊಟದ ಪಂಕ್ತಿಯಲ್ಲಿ ಪಕ್ಕದ ಹೆಂಗಸು ಅವಳತ್ತ ಬಾಗಿ, "ಕೀರ್ತನಾ ಅಲ್ವಾ? ನಮ್ಮನೇಲೂ ಅದೇ," ಎಂದಳು.

"ಅಲ್ಲ ರೀ. ಇದು ನಾನು ಮಾಡಿದ್ದು."

"ಹೌದಾ? ಥೇಟ್ ಅದರ ಥರಾನೇ ಮಾಡಿದೀರಲ್ಲ," ಎಂದು ಆಕೆ ಮನಸಾರೆ ಮೆಚ್ಚಿಕೊಂಡಳು.

ಜಗದಾಂಬಾ ಎಲೆಗೆ ನೀರು ಚಿಮುಕಿಸಿದಳು.