ಉಜ್ಜಣ್ಣನ ಗೇಣುದ್ದದ ಬಸ್ಸು

ಬಸ್ ಡಿಪೋದ ಪೇಂಟ್ ಶೆಡ್ಡಿನಲ್ಲಿ ಇಪ್ಪತ್ತೊಂಬತ್ತು ವರ್ಷ ಬಣ್ಣ ಹೊಡೆದವನಿಗೆ ಜನ ಇಟ್ಟ ಹೆಸರು ಉಜ್ಜಣ್ಣ. ಬಣ್ಣ ಎದ್ದ ಜಾಗ ಕಂಡರೆ ಸಾಕು, ಅದರ ಅಂಚನ್ನು ಮರಳು ಕಾಗದದಿಂದ ಉಜ್ಜಿ ಉಜ್ಜಿ, ಬೆರಳಿಗೆ ಎಲ್ಲೂ ತಡೆಯದ ಹಾಗೆ ಮಾಡಿದ ಮೇಲೇ ಡಬ್ಬ ತೆರೆಯುತ್ತಿದ್ದ. ಉಜ್ಜದೆ ಹೊಡೆದ ಬಣ್ಣ ಸುಳ್ಳಿನ ಹಾಗೆ, ಇವತ್ತಲ್ಲ ನಾಳೆ ಬಿಟ್ಟುಕೊಳ್ಳುತ್ತದೆ ಅನ್ನುವವನು.

ನಿವೃತ್ತನಾದ ಮೇಲೆ ಅವನಿಗೆ ತಿರುಗುಮುರುಗಾದ ಹುಚ್ಚು ಹಿಡಿಯಿತು. ತಗಡು ಕತ್ತರಿಸಿ ಗೇಣುದ್ದದ ಬಸ್ಸು ಮಾಡುವುದು, ಬಣ್ಣ ಹೊಡೆಯುವುದು, ಆಮೇಲೆ ಅದು ಹದಿನೈದು ವರ್ಷ ಓಡಿ ಚಕ್ಕೆ ಎದ್ದ ಬಸ್ಸಿನಂತೆ ಕಾಣುವ ಹಾಗೆ ಮಾಡುವುದು. ಚಕ್ಕೆ ಎಲ್ಲಿ ಏಳುತ್ತದೆ, ಯಾಕೆ ಅಲ್ಲೇ ಏಳುತ್ತದೆ? ಅಂಗಡಿಯ ಷಟರು, ಪಾರ್ಕಿನ ಬೆಂಚು, ಯಾವುದನ್ನೂ ಬಿಡದೆ ಬಗ್ಗಿ ನೋಡುತ್ತಿದ್ದ. ಒಮ್ಮೆ ಲಾರಿಯವನೊಬ್ಬ ಕೇಳಿದ, "ಏನ್ ಕಳ್ಕೊಂಡ್ರಿ ಯಜಮಾನ್ರೇ?"

"ಏನಿಲ್ಲ. ನಿಮ್ಮ ಬಂಪರ್ ನೋಡ್ತಿದ್ದೆ. ಬಹಳ ಚೆನ್ನಾಗಿ ಹಾಳಾಗಿದೆ."

ಅವನು ಕಂಡುಕೊಂಡ ದಾರಿ ಇದು: ಮೊದಲು ತುಕ್ಕಿನ ಬಣ್ಣ. ಅದು ಒಣಗಿದ ಮೇಲೆ, ಚಕ್ಕೆ ಬೇಕಾದ ಕಡೆ ನೀರು ಸವರಿ ಉಪ್ಪಿನ ಹರಳು ಉದುರಿಸುವುದು. ಹರಳು ಅಂಟಿ ಒಣಗಿತೋ, ಮೇಲಿನಿಂದ ಬಸ್ಸಿನ ಕೆಂಪು ಬಣ್ಣ. ಕೊನೆಗೆ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದರೆ ಉಪ್ಪಿನ ಜೊತೆ ಕೆಂಪೂ ಉದುರಿ ಅಡಿಯ ತುಕ್ಕು ಇಣುಕುತ್ತದೆ. ಹೆಂಡತಿ ಗೊಣಗುತ್ತಿದ್ದಳು, "ಮನೆಯವರಿಗೆ ಸಪ್ಪೆ ಊಟ, ಬಸ್ಸಿಗೆ ಉಪ್ಪಿನ ಉಪಚಾರ."

ಅದೇ ಡಿಪೋದ ಡ್ರೈವರ್ ಆಗಿದ್ದವನು ಅವನ ಅಕ್ಕನ ಗಂಡ. ಕಣ್ಣು ಪೂರ್ತಿ ಹೋಗಿ ವರ್ಷವಾಗಿತ್ತು. ತಾನು ಹದಿನಾರು ವರ್ಷ ಓಡಿಸಿದ ಬಸ್ಸು ಗುಜರಿಗೆ ಹೋಯಿತೆಂದು ಕೇಳಿದ ದಿನದಿಂದ ಅವನ ಬಾಯಿಗೂ ಬೀಗ ಬಿತ್ತು.

"ಆ ಬಸ್ಸನ್ನ ಮಾಡ್ಕೊಡೋ," ಅಂದಳು ಅಕ್ಕ. "ಕಣ್ಣಿಲ್ದಿದ್ರೂ ಕೈಯಿದೆಯಲ್ಲ. ಇದು ನಂದು ಅಂತ ಅವರ ಬಾಯಲ್ಲಿ ಒಂದ್ಸಲ ಬಂದ್ರೆ ಸಾಕು."

ಮೂರು ವಾರ ಕೂತು ಮಾಡಿದ. ಭಾವ ಬಸ್ಸನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನಿಂದ ಹಿಂದಕ್ಕೆ ಬೆರಳಾಡಿಸಿದ.

"ಚೆನ್ನಾಗಿದೆ. ಯಾರ್ದೋ ಹೊಸ ಬಸ್ಸು."

ಉಜ್ಜಣ್ಣನಿಗೆ ರೇಗಿತು. "ಹೊಸದಾ? ಮೈತುಂಬ ಚಕ್ಕೆ ಎಬ್ಸಿದೀನಿ ಭಾವ."

"ಎಲ್ಲಿ? ನಂಗೊಂದೂ ಸಿಗ್ಲಿಲ್ವಲ್ಲ."

ಬಸ್ಸನ್ನು ಕಂಕುಳಲ್ಲಿಟ್ಟುಕೊಂಡು ದುಮುದುಮು ಅನ್ನುತ್ತ ಮನೆಗೆ ಬಂದವನು ಕಣ್ಣು ಮುಚ್ಚಿ ತಾನೂ ಮುಟ್ಟಿ ನೋಡಿದ. ನುಣ್ಣಗಿತ್ತು. ಉಪ್ಪು ಉದುರಿದ ಮೇಲೆ ಕೈ ತನ್ನಷ್ಟಕ್ಕೆ ಮರಳು ಕಾಗದ ಎತ್ತಿಕೊಂಡು ಪ್ರತಿ ಚಕ್ಕೆಯ ಅಂಚನ್ನೂ ಉಜ್ಜಿ ಹಾಕಿತ್ತು. ಸಾಲದೆಂದು ಮೇಲೆ ವಾರ್ನಿಶ್ ಬೇರೆ. ಕಣ್ಣಿಗೆ ಹಳೆಯ ಬಸ್ಸು, ಬೆರಳಿಗೆ ಕನ್ನಡಿ. ಇಪ್ಪತ್ತೊಂಬತ್ತು ವರ್ಷದ ಚಾಳಿ ಬಿಡು ಅಂದರೆ ಬಿಡುತ್ತದೆಯೇ?

ಬಣ್ಣವನ್ನೆಲ್ಲ ಕೆರೆದು ಮತ್ತೆ ಶುರು ಮಾಡಿದ. ಈ ಸಲ ಅಂಚು ಉಗುರಿಗೆ ಸಿಗಲೆಂದು ಕೆಂಪನ್ನು ನಾಲ್ಕು ಸಲ ಹೊಡೆದ. ಬ್ರಶ್ಶಿನಿಂದ ಉಪ್ಪು ತಿಕ್ಕಿ ತೆಗೆಯುವ ಮುಂಚೆ ಮನೆಯಲ್ಲಿದ್ದ ಮರಳು ಕಾಗದವನ್ನೆಲ್ಲ ಹೆಂಡತಿಯ ಕೈಗೆ ಕೊಟ್ಟ. "ಬೀರುವಲ್ಲಿಟ್ಟು ಬೀಗ ಹಾಕು. ಕಾಲಿಗೆ ಬಿದ್ರೂ ಕೊಡ್ಬೇಡ."

"ಬೀಳಿ ನೋಡೋಣ," ಅಂದಳು ಅವಳು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ.

ಭಾನುವಾರ ಬಸ್ಸು ಮತ್ತೆ ಭಾವನ ತೊಡೆಗೆ ಬಂತು. ಬೆರಳು ಬಾಗಿಲ ಹಿಡಿಯ ಹತ್ತಿರ ಒಂದು ಚೂರು ನಿಂತು ಮುಂದೆ ಹೋಯಿತು. ಹಿಂದಿನ ಎಡಮೂಲೆಯಲ್ಲಿ ಉಗುರು ತಡೆಯಿತು. ಇನ್ನೊಮ್ಮೆ ಎಳೆದ. ಅಲ್ಲೇ ತಡೆಯಿತು.

"ಇದೇನಿದು?"

"ಡಿಪೋ ಗೇಟಿನ ಕಂಬಕ್ಕೆ ನೀವು ತಾಗಿಸಿದ್ದು."

"ನಾನಾ? ರಿವರ್ಸ್‌ನಲ್ಲಿ ನಾನು ಒಂದು ಇರುವೆಗೂ ತಾಗ್ಸಿದವನಲ್ಲ. ಬಣ್ಣ ಹೊಡೀತೀನಿ ಅಂತ ಶೆಡ್ಡಿಗೆ ತಗೊಂಡು ಹೋದ್ಯಲ್ಲ, ನೀನೇ ಗುದ್ದಿದ್ದು."

"ಭಾವ, ನಂಗೆ ಲೈಸೆನ್ಸೇ ಇಲ್ಲ."

"ಅದಕ್ಕೇ ಗುದ್ದಿದ್ದು," ಭಾವನ ದನಿ ಡಿಪೋದ ಅಂಗಳ ದಾಟುವಷ್ಟು ಏರಿತು. "ನನ್ನ ಬಸ್ಸನ್ನ ಮುಟ್ಟು ಅಂತ ನಿಂಗೆ ಹೇಳಿದ್ಯಾರು?"

ಅಡುಗೆಮನೆಯಲ್ಲಿ ಅಕ್ಕನ ಪಾತ್ರೆಯ ಸದ್ದು ನಿಂತಿತು. ಉಜ್ಜಣ್ಣ ಆ ಬಸ್ಸಿನ ಸ್ಟೇರಿಂಗನ್ನು ಜನ್ಮದಲ್ಲಿ ಮುಟ್ಟಿದವನಲ್ಲ. ಖಾರವಾದ ಉತ್ತರವೊಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ.

"ತಪ್ಪಾಯ್ತು ಭಾವ."

"ತಪ್ಪಾಯ್ತಂತೆ," ಅಂದ ಭಾವ, ಬಸ್ಸನ್ನು ಇನ್ನೂ ಒತ್ತಿ ಹಿಡಿದುಕೊಂಡು. "ಬಾ ಇಲ್ಲಿ, ಹತ್ರ ಕೂತ್ಕೋ. ಇನ್ನೂ ಎಲ್ಲೆಲ್ಲಿ ಗುದ್ದಿದೀಯೋ, ನೋಡ್ತೀನಿ."